ಹುಳಿ, ಸಿಹಿ, ಕಹಿ, ಐಸು: ಹಳೆಯ ಕಾಕ್‌ಟೇಲ್‌ಗಳ ಕತೆ

‘ಐಸ್ ಕಮ್ಮಿ ಹಾಕಿ ಅಣ್ಣ.’ ಬೆಂಗಳೂರಿನ ಬಾರಿನಲ್ಲಿ ಒಂದು ಗಂಟೆ ಕೂತರೆ ಈ ಮಾತು ಎರಡು ಮೂರು ಸಲವಾದರೂ ಕಿವಿಗೆ ಬೀಳುತ್ತದೆ. ಗ್ಲಾಸಿನ ತುಂಬ ಐಸ್ ಇದ್ದರೆ ಎಣ್ಣೆ ಕಮ್ಮಿ ಬಿದ್ದಿರುತ್ತದೆ, ಕರಗಿದರೆ ನೀರು ನೀರಾಗುತ್ತದೆ, ಕೊಟ್ಟ ದುಡ್ಡು ದಂಡ ಎಂಬ ಲೆಕ್ಕ. ಬರೀ ವಿಸ್ಕಿ ಕುಡಿಯುವವರು ಹೀಗೆ ಹೇಳಿದರೆ ಅದು ಅವರವರ ರುಚಿ. ಆದರೆ ಮದ್ಯಕ್ಕೆ ಸಿಹಿ, ಹುಳಿ, ಕಹಿ ಬೆರೆಸಿ ಮಾಡುವ ಕಾಕ್‌ಟೇಲ್ ಕೇಳಿ ಐಸ್ ಬೇಡ ಅನ್ನುವುದು, ದೋಸೆ ಬೇಕು ಆದರೆ ಹೆಂಚು ಕಾಯಿಸಬೇಡಿ ಅಂದ ಹಾಗೆ. ಐಸ್ ಅಲ್ಲಿ ತಂಪಿಗಷ್ಟೇ ಇರುವುದಲ್ಲ. ಅದು ಅಡುಗೆ ಮಾಡುತ್ತದೆ.

ಈ ಮಾತು ನನಗೆ ಅರ್ಥವಾಗಲು ಬಹಳ ವರ್ಷ ಹಿಡಿಯಿತು. ಅರ್ಥವಾದ ಮೇಲೆ ಕಾಕ್‌ಟೇಲ್ ಮೆನು ನೋಡಿ ಗಾಬರಿಯಾಗುವುದು ನಿಂತಿತು. ನೂರು ಹೆಸರುಗಳಿದ್ದರೂ ಅವುಗಳ ಹಿಂದೆ ಇರುವುದು ಮೂರೋ ನಾಲ್ಕೋ ಹದಗಳು. ಅವನ್ನು ತಿಳಿಯಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು. ಕತೆ ಶುರುವಾಗುವುದು ನಮ್ಮ ದೇಶದ ಕರಾವಳಿಯಲ್ಲೇ.

1632ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಇಂಗ್ಲಿಷ್ ಮನುಷ್ಯನೊಬ್ಬ ಪೆಟ್ಟಪೋಲಿಯಲ್ಲಿದ್ದ ವ್ಯಾಪಾರಿಯೊಬ್ಬನಿಗೆ ಕಾಗದ ಬರೆದ. ಪೆಟ್ಟಪೋಲಿ ಎಂದರೆ ಇವತ್ತಿನ ಆಂಧ್ರದ ನಿಜಾಂಪಟ್ಣಂ. ಆ ಕಾಗದದಲ್ಲಿ ‘ಪಂಚ್’ ಕುಡಿಯುವ ಮಾತು ಬರುತ್ತದೆ. ಬರವಣಿಗೆಯಲ್ಲಿ ಸಿಕ್ಕಿರುವ ಮೊದಲ ಪಂಚ್ ಅದೇ. 1670ರ ದಶಕದಲ್ಲಿ ಜಾನ್ ಫ್ರೈಯರ್ ಎಂಬ ಇಂಗ್ಲಿಷ್ ವೈದ್ಯ ಪಶ್ಚಿಮ ಕರಾವಳಿಯಲ್ಲಿ ಓಡಾಡಿದ. ನಮ್ಮ ಕಾರವಾರ, ಗೋಕರ್ಣಗಳನ್ನೂ ನೋಡಿ ಬರೆದಿಟ್ಟವನು ಅವನು. ಗೋವಾದ ನೇರೂಲಿನಲ್ಲಿ ಒಳ್ಳೆಯ ಅರಕ್ (ಸಾರಾಯಿ) ತೆಗೆಯುತ್ತಾರೆ, ಈ ಕರಾವಳಿಯ ಇಂಗ್ಲಿಷರು ಅದರಿಂದ ಪಂಚ್ ಮಾಡಿಕೊಳ್ಳುತ್ತಾರೆ, ಐದು ಪದಾರ್ಥ ಸೇರುವುದರಿಂದ ಹಿಂದೂಸ್ತಾನಿಯ ಐದರ ಹೆಸರೇ ಅದಕ್ಕೆ ಬಂದಿದೆ ಎಂದು ಅವನು ವಿವರಿಸುತ್ತಾನೆ. ಪೀಪಾಯಿಯೊಂದರ ಇಂಗ್ಲಿಷ್ ಹೆಸರಿನಿಂದ ಪಂಚ್ ಬಂತು ಎಂದು ವಾದಿಸುವವರೂ ಇದ್ದಾರೆ. ನನಗೆ ಫ್ರೈಯರನ ಮಾತೇ ಹೆಚ್ಚು ಒಪ್ಪುತ್ತದೆ. ಪಂಚಾಮೃತ, ಪಂಚಕಜ್ಜಾಯ ಎಂದು ಎಣಿಸಿ ಹೆಸರಿಡುವ ನಾಡಿನಲ್ಲಿ ಪಾನೀಯಕ್ಕೂ ಹಾಗೇ ಹೆಸರು ಬೀಳುವುದು ಸಹಜ ಅಲ್ವಾ?

ಪಂಚಿನ ಐದು ಯಾವುವು? ಅರಕ್, ಸಕ್ಕರೆ, ನಿಂಬೆಹುಳಿ, ನೀರು, ಸ್ವಲ್ಪ ಮಸಾಲೆ. ಮಸಾಲೆ ಎಂದರೆ ಹೆಚ್ಚಾಗಿ ಜಾಯಿಕಾಯಿ. ಅರಕ್ ಒಂದನ್ನು ಪಕ್ಕಕ್ಕಿಟ್ಟು ನೋಡಿ. ಬೆಲ್ಲ, ನಿಂಬೆ, ನೀರು, ಶುಂಠಿ, ಏಲಕ್ಕಿ ಹಾಕಿ ನಾವು ಮಾಡುವ ಪಾನಕದ ಲೆಕ್ಕವೂ ಇದೇ. ಬಿಸಿಲಿನ ನಾಡಿನವರಿಗೆ ಹುಳಿ ಸಿಹಿಯ ಹದ ಯಾರೂ ಕಲಿಸಬೇಕಿರಲಿಲ್ಲ. ಕಡು ಮದ್ಯವನ್ನು ಆ ಹದಕ್ಕೆ ಕೂಡಿಸಿದ್ದು ಹಡಗಿನಲ್ಲಿ ಬಂದವರು.

ಅವರು ಅದನ್ನು ಊರಿಗೆ ಕೊಂಡೊಯ್ದರು. ಲಂಡನ್ನಿನಲ್ಲಿ ದೊಡ್ಡ ಬೋಗುಣಿಯಲ್ಲಿ ಪಂಚ್ ಮಾಡಿ, ಸುತ್ತ ಕೂತು, ಸೌಟಿನಲ್ಲಿ ಬಡಿಸಿಕೊಂಡು ಕುಡಿಯುವುದು ದೊಡ್ಡ ಶೋಕಿಯಾಯಿತು. ಸಮುದ್ರದ ಮೇಲೆ ಕತೆ ಬೇರೆ. 1740ರಲ್ಲಿ ಎಡ್ವರ್ಡ್ ವರ್ನನ್ ಎಂಬ ಬ್ರಿಟಿಷ್ ನೌಕಾ ಅಧಿಕಾರಿ ತನ್ನ ನಾವಿಕರ ರಮ್ಮಿಗೆ ನೀರು ಬೆರೆಸಿಯೇ ಕೊಡಬೇಕೆಂದು ಆಜ್ಞೆ ಮಾಡಿದ. ಅರ್ಧ ಪೈಂಟ್ ರಮ್ಮಿಗೆ ಒಂದು ಕ್ವಾರ್ಟ್ ನೀರು. ಅಂದರೆ ಒಂದಕ್ಕೆ ನಾಲ್ಕು. ಬೇಕಾದವರು ಸಕ್ಕರೆ, ನಿಂಬೆ ಕೊಂಡು ಹಾಕಿಕೊಳ್ಳಲಿ ಎಂದೂ ಸೇರಿಸಿದ. ಅವನು ಹಾಕುತ್ತಿದ್ದ ಒರಟು ಬಟ್ಟೆಯ ಕೋಟಿನಿಂದ ಅವನಿಗೆ ‘ಓಲ್ಡ್ ಗ್ರಾಗ್’ ಎಂಬ ಅಡ್ಡಹೆಸರಿತ್ತು. ಈ ನೀರು ರಮ್ಮಿಗೂ ಗ್ರಾಗ್ ಎಂದೇ ಹೆಸರಾಯಿತು. ರಮ್, ನಿಂಬೆ, ಸಕ್ಕರೆ, ನೀರು: ಈ ನಾಲ್ಕನ್ನು ನೆನಪಿಡಿ. ಮುಂದೆ ಕ್ಯೂಬಾದಲ್ಲಿ ಮತ್ತೆ ಸಿಗುತ್ತವೆ.

ಇಲ್ಲಿಯವರೆಗೆ ಐಸ್ ಇರಲೇ ಇಲ್ಲ. ಇದನ್ನು ಮರೆತರೆ ಕಾಕ್‌ಟೇಲ್ ಏಕೆ ಹುಟ್ಟಿತು ಎಂಬುದೇ ಅರ್ಥವಾಗುವುದಿಲ್ಲ.

1806ರ ಫೆಬ್ರವರಿಯಲ್ಲಿ ಬಾಸ್ಟನ್ನಿನ ಫ್ರೆಡರಿಕ್ ಟ್ಯೂಡರ್ ಎಂಬ ತರುಣ ಒಂದು ಹಡಗಿನ ತುಂಬ ಮಂಜುಗಡ್ಡೆ ತುಂಬಿಸಿ ಕೆರಿಬಿಯನ್‌ನ ಮಾರ್ಟಿನೀಕ್ ದ್ವೀಪಕ್ಕೆ ಹೊರಟ. ಚಳಿಗಾಲದಲ್ಲಿ ಹೆಪ್ಪುಗಟ್ಟಿದ ಕೆರೆಯಿಂದ ಕೊಯ್ದ ಗಡ್ಡೆಗಳು ಅವು. ಊರವರು ನಕ್ಕರು. ಮೊದಲ ವರ್ಷ ನಷ್ಟವೇ ಆಯಿತು. ಆಮೇಲಿನ ವರ್ಷಗಳಲ್ಲಿ ಸಾಲ ಕಟ್ಟಲಾಗದೆ ಅವನು ಜೈಲನ್ನೂ ಕಂಡ. ಆದರೂ ಬಿಡಲಿಲ್ಲ. ಗಡ್ಡೆಗಳ ನಡುವೆ ಮರದ ಹೊಟ್ಟು ತುಂಬಿದರೆ ಬೇಗ ಕರಗುವುದಿಲ್ಲ ಎಂದು ಕಂಡುಕೊಂಡ. 1833ರಲ್ಲಿ ಅವನ ಐಸ್ ಹೊತ್ತ ‘ಟಸ್ಕನಿ’ ಹಡಗು ನಾಲ್ಕು ತಿಂಗಳ ಪ್ರಯಾಣ ಮುಗಿಸಿ ಕಲ್ಕತ್ತಾ ಮುಟ್ಟಿತು. ಹೊರಟಾಗ ಸುಮಾರು 180 ಟನ್ ಇತ್ತು, ತಲುಪಿದಾಗ ಸುಮಾರು 100 ಟನ್ ಉಳಿದಿತ್ತು. ಎರಡು ಸಲ ಭೂಮಧ್ಯರೇಖೆ ದಾಟಿ ಬಂದ ಐಸ್ ಅದು! ಚೆನ್ನೈ ಮರೀನಾ ಕಡಲ ತೀರದಲ್ಲಿ ‘ಐಸ್ ಹೌಸ್’ ಎಂಬ ಹಳೆಯ ಕಟ್ಟಡವಿದೆ. ಅದು ಟ್ಯೂಡರನ ಗೋದಾಮು. 1897ರಲ್ಲಿ ಸ್ವಾಮಿ ವಿವೇಕಾನಂದರು ಅಲ್ಲಿ ತಂಗಿದ್ದರಿಂದ ಈಗ ವಿವೇಕಾನಂದರ್ ಇಲ್ಲಂ ಎಂಬ ಹೆಸರಿದೆ. ಮುಂದಿನ ಸಲ ಚೆನ್ನೈಗೆ ಹೋದರೆ ನೋಡಿ ಬನ್ನಿ.

ಅದೇ 1806ರ ಮೇ 13. ನ್ಯೂಯಾರ್ಕ್ ರಾಜ್ಯದ ಹಡ್ಸನ್ ಎಂಬ ಸಣ್ಣ ಊರಿನ ಪತ್ರಿಕೆ. ‘ಕಾಕ್‌ಟೇಲ್ ಎಂದರೇನು?’ ಎಂದು ಓದುಗನೊಬ್ಬ ಕೇಳಿದ್ದ. ಸಂಪಾದಕ ಉತ್ತರಿಸಿದ: ಯಾವುದಾದರೂ ಮದ್ಯ, ಸಕ್ಕರೆ, ನೀರು, ಬಿಟರ್ಸ್ ಸೇರಿದ ಪಾನೀಯ. ಕಾಕ್‌ಟೇಲಿಗೆ ಅಚ್ಚಿನಲ್ಲಿ ಸಿಕ್ಕ ಮೊದಲ ವ್ಯಾಖ್ಯೆ ಇದು. ಒಂದೇ ವರ್ಷ, ಮೂರು ತಿಂಗಳ ಅಂತರ. ಒಂದು ಕಡೆ ಐಸ್ ಹಡಗು ಹೊರಟಿದೆ, ಇನ್ನೊಂದು ಕಡೆ ಕಾಕ್‌ಟೇಲಿನ ಅರ್ಥ ಅಚ್ಚಾಗಿದೆ. ಇಬ್ಬರಿಗೂ ಒಬ್ಬರ ವಿಷಯ ಇನ್ನೊಬ್ಬರಿಗೆ ಗೊತ್ತಿರಲಾರದು. ಆದರೆ ಮುಂದಿನ ಐವತ್ತು ವರ್ಷಗಳಲ್ಲಿ ಈ ಎರಡೂ ಒಂದೇ ಗ್ಲಾಸಿನಲ್ಲಿ ಕೂಡಿದವು. ಅಮೆರಿಕದ ಬಾರುಗಳಿಗೆ ಐಸ್ ಅಗ್ಗವಾಗಿ ಸಿಗತೊಡಗಿತು. ಬೋಗುಣಿಯ ಸುತ್ತ ಗಂಟೆಗಟ್ಟಲೆ ಕೂರಲು ಪುರುಸೊತ್ತಿಲ್ಲದ ಜನ ಒಂದೊಂದೇ ಗ್ಲಾಸ್ ಮಾಡಿಸಿಕೊಂಡು ನಿಂತಲ್ಲೇ ಕುಡಿದು ಹೊರಟರು.

ಆ ವ್ಯಾಖ್ಯೆಯಲ್ಲಿ ಬಂದ ಬಿಟರ್ಸ್ ಬಗ್ಗೆ ಹೇಳಲೇಬೇಕು. ಬೇರು, ತೊಗಟೆ, ಕಿತ್ತಳೆ ಸಿಪ್ಪೆ, ಮಸಾಲೆಗಳನ್ನು ಮದ್ಯದಲ್ಲಿ ನೆನೆಸಿ ತೆಗೆದ ಕಡು ಕಹಿ ರಸ ಅದು. ಮೊದಲು ಹೊಟ್ಟೆಯ ಔಷಧಿಯಾಗಿ ಬಂತು. 1824ರಲ್ಲಿ ವೆನೆಜುವೆಲಾದ ಅಂಗೋಸ್ತುರಾ ಊರಿನಲ್ಲಿ, ಅಲ್ಲಿನ ಸ್ವಾತಂತ್ರ್ಯ ಹೋರಾಟದ ನಾಯಕ ಬೊಲಿವಾರನ ಸೈನ್ಯದ ವೈದ್ಯನಾಗಿದ್ದ ಯೋಹಾನ್ ಸೀಗರ್ಟ್ ಎಂಬ ಜರ್ಮನ್ ಮಾಡಿದ ಬಿಟರ್ಸ್ ಇವತ್ತಿಗೂ ಬಾರುಗಳಲ್ಲಿದೆ. ಬಾಟಲಿಗಿಂತ ದೊಡ್ಡ ಕಾಗದ ಸುತ್ತಿಕೊಂಡಿರುವ ಸಣ್ಣ ಬಾಟಲಿ ನೋಡಿದ್ದರೆ ಅದೇ ಅಂಗೋಸ್ತುರಾ. 1875ರ ನಂತರ ಅದು ಟ್ರಿನಿಡಾಡ್‌ನಲ್ಲಿ ತಯಾರಾಗುತ್ತಿದೆ. ಒಂದು ಗ್ಲಾಸಿಗೆ ಎರಡು ಮೂರು ಹನಿ ಚಿಮುಕಿಸಿದರೆ ಆಯಿತು. ಅದು ಏನು ಮಾಡುತ್ತದೆ ಎಂದು ಯಾರಾದರೂ ಕೇಳಿದರೆ ನಾನು ಇಂಗನ್ನು ತೋರಿಸುತ್ತೇನೆ. ಸಾರಿನಲ್ಲಿ ಇಂಗು ಬೇರೆಯಾಗಿ ನಾಲಗೆಗೆ ಸಿಗುವುದಿಲ್ಲ. ಹಾಕದಿದ್ದರೆ ಮಾತ್ರ ‘ಏನೋ ಕಮ್ಮಿ’ ಅನ್ನಿಸುತ್ತದೆ. ಇಂಗು ತೆಂಗು ಇದ್ದರೆ ಮಂಗನೂ ಅಡುಗೆ ಮಾಡುತ್ತೆ ಅನ್ನುತ್ತಾರಲ್ಲ, ಬಾರಿನಲ್ಲಿ ಆ ಇಂಗಿನ ಜಾಗ ಬಿಟರ್ಸಿನದು.

1862ರಲ್ಲಿ ಜೆರ್ರಿ ಥಾಮಸ್ ಎಂಬ ನ್ಯೂಯಾರ್ಕಿನ ಬಾರ್‌ಟೆಂಡರ್ ಈ ಕಸುಬಿನ ಮೊದಲ ಪುಸ್ತಕ ಬರೆದ. ಅಲ್ಲಿಂದ ಹೊಸ ಹೊಸ ಸೇರಿಕೆಗಳು ಶುರುವಾದವು. ವಿಸ್ಕಿ ಕಾಕ್‌ಟೇಲಿಗೆ ಹಣ್ಣಿನ ಲಿಕರ್ (ಸಿಹಿ ಮದ್ಯ), ಸೋಂಪಿನ ಘಮದ ಆಬ್ಸಿಂತ್, ಏನೇನೋ ಸೇರಿದವು. ಬೇಸತ್ತ ಹಳಬರು ‘ನನಗೆ ಹಳೇ ಥರದ್ದೇ ಕೊಡಪ್ಪ’ ಎಂದು ಕೇಳತೊಡಗಿದರು. 1880ರ ಹೊತ್ತಿಗೆ ‘ಓಲ್ಡ್ ಫ್ಯಾಶನ್ಡ್’ ಎಂಬುದೇ ಹೆಸರಾಗಿ ನಿಂತಿತು. ವಿಸ್ಕಿ, ಸಕ್ಕರೆ, ಬಿಟರ್ಸ್, ಐಸ್. 1806ರ ಆ ಸಂಪಾದಕ ಇವತ್ತು ಬಾರಿಗೆ ಬಂದರೆ ತಾನು ಬರೆದದ್ದು ಇದೇ ಎಂದು ಗುರುತು ಹಿಡಿಯುತ್ತಾನೆ.

ಇನ್ನೊಂದು ಕವಲು ಇಟಲಿಯಿಂದ ಬಂತು. 1786ರಲ್ಲಿ ಟ್ಯೂರಿನ್ ನಗರದ ಕಾರ್ಪಾನೊ ಎಂಬಾತ ಗಿಡಮೂಲಿಕೆ ಹಾಕಿದ ಸಿಹಿ ವೈನ್ ಮಾರತೊಡಗಿದ. ಅದೇ ವರ್ಮೂತ್. ಇದರಲ್ಲಿ ಸಿಹಿಯೂ ಇದೆ, ಕಹಿಯೂ ಇದೆ. ವಿಸ್ಕಿಗೆ ಅದನ್ನು ಬೆರೆಸಿದರೆ ಮ್ಯಾನ್‌ಹಟನ್. ಜಿನ್ನಿಗೆ ಬೆರೆಸಿದ್ದು ಮಾರ್ಟಿನಿಯ ವಂಶ. ಜಿನ್, ವರ್ಮೂತ್, ಕಾಂಪಾರಿ ಎಂಬ ಇಟಲಿಯ ಕಹಿ ಮದ್ಯ, ಈ ಮೂರನ್ನೂ ಸಮಸಮ ಹಾಕಿದರೆ ನೆಗ್ರೋನಿ. 1919ರಲ್ಲಿ ಫ್ಲಾರೆನ್ಸಿನ ಕೌಂಟ್ ಕಮಿಲ್ಲೊ ನೆಗ್ರೋನಿ ತನ್ನ ಪಾನೀಯಕ್ಕೆ ಸೋಡಾ ಬದಲು ಜಿನ್ ಹಾಕಿಸಿಕೊಂಡ ಎಂದು ಅದರ ಕತೆ ಹೇಳುತ್ತಾರೆ. ಹಾಗಲಕಾಯಿ ಇಷ್ಟಪಡುವವರಿಗೆ ನೆಗ್ರೋನಿ ಮೊದಲ ಗುಟುಕಿಗೇ ಹಿಡಿಸುತ್ತದೆ. ಉಳಿದವರಿಗೆ ಮೂರನೇ ಸಲಕ್ಕೆ.

1920ರ ಜನವರಿಯಿಂದ 1933ರ ಡಿಸೆಂಬರ್‌ವರೆಗೆ ಅಮೆರಿಕದಲ್ಲಿ ಪಾನನಿಷೇಧ. ಕಳ್ಳಭಟ್ಟಿಯ ಕೆಟ್ಟ ರುಚಿ ಮುಚ್ಚಲು ಕಾಕ್‌ಟೇಲ್ ಹುಟ್ಟಿದವು ಎಂದು ಬಹಳ ಜನ ನಂಬಿದ್ದಾರೆ. ಮೇಲಿನ ಇಸವಿಗಳನ್ನು ನೋಡಿದರೆ ಇದು ಸರಿಯಲ್ಲ ಎಂದು ನಿಮಗೇ ಗೊತ್ತಾಗುತ್ತದೆ. ನಿಷೇಧಕ್ಕಿಂತ ಮೊದಲೇ ಮುಖ್ಯವಾದವುಗಳಲ್ಲಿ ಬಹುಪಾಲು ಇದ್ದವು. ನಿಷೇಧದಿಂದ ಆದದ್ದು ವಲಸೆ. ಕೆಲಸ ಕಳೆದುಕೊಂಡ ಬಾರ್‌ಟೆಂಡರುಗಳು ಹವಾನಾ, ಲಂಡನ್, ಪ್ಯಾರಿಸ್ ಸೇರಿದರು. ಲಂಡನ್ನಿನ ಸೆವಾಯ್ ಹೋಟೆಲಿನ ಬಾರಿನಲ್ಲಿ ಅಷ್ಟು ಹೊತ್ತಿಗಾಗಲೇ ಏಡಾ ಕೋಲ್ಮನ್ ಎಂಬ ಹೆಣ್ಣುಮಗಳು ಮುಖ್ಯಸ್ಥೆಯಾಗಿದ್ದಳು. ಅವಳು ಮಾಡಿದ ‘ಹ್ಯಾಂಕಿ ಪ್ಯಾಂಕಿ’ ಇವತ್ತಿಗೂ ಮೆನುಗಳಲ್ಲಿದೆ. ಈ ಕಸುಬಿನ ಚರಿತ್ರೆಯಲ್ಲಿ ಅವಳ ಹೆಸರು ಇನ್ನೂ ಜಾಸ್ತಿ ಕೇಳಬೇಕಿತ್ತು.

ಈಗ ಐಸಿನ ಅಡುಗೆಗೆ ಬರೋಣ. ಕರಗತೊಡಗಿದ ಐಸ್ ಇರುವುದು 0 ಡಿಗ್ರಿಯಲ್ಲಿ. ಹಾಗಿದ್ದರೆ ಅದರ ಜತೆ ಕುಲುಕಿದ ಪಾನೀಯ 0 ಡಿಗ್ರಿಗಿಂತ ಕೆಳಗೆ ಹೋಗಬಾರದು ಅಲ್ವಾ? ಆದರೆ ಹೋಗುತ್ತದೆ. ಚೆನ್ನಾಗಿ ಕುಲುಕಿದರೆ ಮೈನಸ್ 4, ಮೈನಸ್ 5ರ ಹತ್ತಿರ ಇಳಿಯುತ್ತದೆ. ಹಿಂದೆ ಕೈಯಿಂದ ತಿರುಗಿಸುವ ಐಸ್‌ಕ್ರೀಂ ಡಬ್ಬಿಯ ಸುತ್ತ ಐಸಿಗೆ ಉಪ್ಪು ಹಾಕುತ್ತಿದ್ದರು, ನೆನಪಿದೆಯೇ? ಉಪ್ಪು ಬಿದ್ದರೆ ಐಸ್ ಇನ್ನೂ ಬೇಗ ಕರಗುತ್ತದೆ. ಕರಗಲು ಶಾಖ ಬೇಕು. ಆ ಶಾಖವನ್ನು ಅದು ಸುತ್ತಲಿಂದ ಎಳೆದುಕೊಳ್ಳುತ್ತದೆ. ಹಾಗಾಗಿ ಎಲ್ಲವೂ 0ಗಿಂತ ಕೆಳಗಿಳಿಯುತ್ತದೆ. ಇಲ್ಲಿ ಉಪ್ಪಿನ ಕೆಲಸವನ್ನು ಮದ್ಯ ಮಾಡುತ್ತದೆ. ಒಂದು ಗ್ರಾಂ ಐಸ್ ಕರಗಲು ಸುಮಾರು 80 ಕ್ಯಾಲರಿ ಶಾಖ ಬೇಕು. ಅಂದರೆ ಪಾನೀಯ ತಣ್ಣಗಾಗುವುದು ಐಸ್ ಕರಗುವುದರಿಂದಲೇ. ಕರಗದೆ ತಣ್ಣಗೆ ಮಾಡು ಎಂದು ಅದಕ್ಕೆ ಹೇಳಲು ಬರುವುದಿಲ್ಲ.

ಆದ್ದರಿಂದ ಕರಗಿದ ನೀರು ಪಾಕವಿಧಾನದ ಒಂದು ಪದಾರ್ಥ. ಕುಲುಕಿದ ಕಾಕ್‌ಟೇಲಿನಲ್ಲಿ ಗ್ಲಾಸಿಗೆ ಬರುವುದರಲ್ಲಿ ಹತ್ತಿರ ಹತ್ತಿರ ಕಾಲು ಭಾಗ ಈ ನೀರೇ. ಅದಿಲ್ಲದಿದ್ದರೆ ಮದ್ಯದ ಉರಿ ನಾಲಗೆಯನ್ನು ಹಿಡಿದುಬಿಡುತ್ತದೆ, ಬೇರೆ ಯಾವ ರುಚಿಯೂ ಏಳುವುದಿಲ್ಲ. ಐಸ್ ಜಾಸ್ತಿ ಇದ್ದಷ್ಟೂ ಪಾನೀಯ ಬೇಗ ತಣ್ಣಗಾಗುತ್ತದೆ, ಆಮೇಲೆ ಕರಗುವುದು ನಿಧಾನವಾಗುತ್ತದೆ. ಎರಡೇ ತುಂಡು ಹಾಕಿದರೆ ಅವು ಬೇಗ ಕರಗಿ ಮುಗಿಯುತ್ತವೆ, ಪಾನೀಯ ಬೆಚ್ಚಗೇ ಉಳಿಯುತ್ತದೆ. ‘ಐಸ್ ಕಮ್ಮಿ’ ಎಂದು ಕೇಳಿದವರಿಗೆ ಸಿಗುವುದು ಇದು.

ಕುಲುಕಬೇಕೋ ಕಲಕಬೇಕೋ ಎಂಬುದಕ್ಕೂ ಸುಲಭದ ಲೆಕ್ಕವಿದೆ. ನಿಂಬೆರಸ, ಮೊಟ್ಟೆ, ಕೆನೆ ಇದ್ದರೆ ಕುಲುಕಿ. ಗಾಳಿ ಸೇರಿ ನೊರೆ ಬರಬೇಕು, ಹುಳಿ ಮೃದುವಾಗಬೇಕು. ಬರೀ ಮದ್ಯ, ವರ್ಮೂತ್, ಬಿಟರ್ಸ್ ಇದ್ದರೆ ಚಮಚದಲ್ಲಿ ಮೆಲ್ಲಗೆ ಕಲಕಿ. ತಿಳಿಯಾಗಿ, ರೇಷ್ಮೆಯ ಹಾಗೆ ನಾಲಗೆಯ ಮೇಲೆ ಜಾರಬೇಕು.

ಕಲಿಯಲು ಒಂದೇ ಕಾಕ್‌ಟೇಲ್ ಆರಿಸಿ ಎಂದರೆ ನಾನು ಡೈಕಿರಿ ಆರಿಸುತ್ತೇನೆ. ಡೈಕಿರಿ ಎಂಬುದು ಕ್ಯೂಬಾದ ಸಾಂಟಿಯಾಗೊ ಹತ್ತಿರದ ಒಂದು ಊರು. 1898ರ ಆಸುಪಾಸಿನಲ್ಲಿ ಅಲ್ಲಿನ ಕಬ್ಬಿಣದ ಗಣಿಯಲ್ಲಿದ್ದ ಜೆನಿಂಗ್ಸ್ ಕಾಕ್ಸ್ ಎಂಬ ಅಮೆರಿಕನ್ ಎಂಜಿನಿಯರನ ಹೆಸರಿನೊಂದಿಗೆ ಇದು ಸೇರಿಕೊಂಡಿದೆ. ರಮ್, ನಿಂಬೆ, ಸಕ್ಕರೆ, ಕರಗಿದ ಐಸು. ವರ್ನನ್‌ನ ಗ್ರಾಗ್ ನೆನಪಾಯಿತೇ? ನೀರಿನ ಬದಲು ಐಸ್ ಬಂದಿದೆ, ಅಷ್ಟೇ. ನಮಗೆ ಇಲ್ಲಿ ಒಂದು ದೊಡ್ಡ ಅನುಕೂಲವಿದೆ. ಕೆರಿಬಿಯನ್‌ನ ಹಳೆಯ ನಿಂಬೆ, ಸಣ್ಣದಾಗಿ, ತೆಳು ಸಿಪ್ಪೆಯದಾಗಿ, ಕಡು ಹುಳಿಯಾಗಿ ಇರುವುದು, ನಮ್ಮ ಕಾಗ್ಜಿ ನಿಂಬೆಯ ಜಾತಿಯದೇ. ಅದು ಏಷ್ಯಾದಿಂದಲೇ ಅಲ್ಲಿಗೆ ಹೋದದ್ದು. ಅಮೆರಿಕ, ಯುರೋಪಿನ ಬಾರುಗಳಲ್ಲಿ ಹೆಚ್ಚಾಗಿ ಬಳಸುವುದು ಬೀಜವಿಲ್ಲದ ದೊಡ್ಡ ಹಸಿರು ನಿಂಬೆ. ಆದ್ದರಿಂದ ವಿಜಯಪುರದ ಇಂಡಿ ಕಡೆಯ ನಿಂಬೆಹಣ್ಣು ಹಿಂಡಿ ಮಾಡಿದ ಡೈಕಿರಿ ಲಂಡನ್ನಿನದಕ್ಕಿಂತ ಮೂಲಕ್ಕೆ ಹತ್ತಿರ. ಇದನ್ನು ನೆನೆದರೆ ನನಗೆ ತುಂಬ ಖುಷಿಯಾಗುತ್ತದೆ.

ಮಾಡುವುದು ಹೀಗೆ. ಬಿಳಿ ರಮ್ 60 ಎಂಎಲ್, ಆಗಷ್ಟೇ ಹಿಂಡಿದ ನಿಂಬೆರಸ 25 ಎಂಎಲ್, ಸಕ್ಕರೆ ಪಾಕ 20 ಎಂಎಲ್. ಪಾಕ ಎಂದರೆ ಎಳೆ ಪಾಕ ಬೇಡ, ಒಂದು ಲೋಟ ಸಕ್ಕರೆಗೆ ಒಂದು ಲೋಟ ನೀರು ಹಾಕಿ ಕರಗಿಸಿದರೆ ಸಾಕು. ಶೇಕರ್ ಇಲ್ಲದಿದ್ದರೆ ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿ ಆಗುತ್ತದೆ. ಅದರ ತುಂಬ ಐಸ್ ಹಾಕಿ, ಹತ್ತು ಹನ್ನೆರಡು ಸೆಕೆಂಡ್ ಜೋರಾಗಿ ಕುಲುಕಿ, ಡಬ್ಬಿಯ ಮೈ ಮೇಲೆ ಬೆಳ್ಳಗೆ ಮಂಜು ಕೂತ ಮೇಲೆ ಟೀ ಜಾಲರಿಯಲ್ಲಿ ಸೋಸಿ. ಮೊದಲು ಒಂದು ಹನಿ ಅಂಗೈಗೆ ಹಾಕಿ ನೆಕ್ಕಿ ನೋಡಿ, ಸಾರಿನ ಉಪ್ಪು ನೋಡುವ ಹಾಗೆ. ಹುಳಿ ಮುಂದೆ ಬಂದರೆ ಪಾಕ ಚೂರು ಜಾಸ್ತಿ. ನಮ್ಮ ನಿಂಬೆ ಒಂದೊಂದು ಕಾಲದಲ್ಲಿ ಒಂದೊಂದು ಹುಳಿ. ಪುಸ್ತಕದ ಅಳತೆಗಿಂತ ನಾಲಗೆಯನ್ನು ನಂಬಿ. ಈ ಹದ ಒಮ್ಮೆ ಸಿಕ್ಕಿತೋ, ರಮ್ ತೆಗೆದು ವಿಸ್ಕಿ ಹಾಕಿದರೆ ‘ವಿಸ್ಕಿ ಸೌರ್’, ಟೆಕೀಲಾ ಹಾಕಿ ಪಾಕದ ಬದಲು ಕಿತ್ತಳೆ ಲಿಕರ್ ಹಾಕಿದರೆ ಮಾರ್ಗರಿಟಾ.

ಜಿನ್ ಅಂಡ್ ಟಾನಿಕ್ ಬಿಟ್ಟು ಭಾರತದಲ್ಲಿ ಈ ಮಾತು ಮುಗಿಯುವುದಿಲ್ಲ. ಟಾನಿಕ್ಕಿನ ಕಹಿ ಕ್ವಿನೈನಿನದು. ಸಿಂಕೋನಾ ಮರದ ತೊಗಟೆಯಿಂದ ಅದನ್ನು 1820ರಲ್ಲಿ ಫ್ರಾನ್ಸಿನ ಇಬ್ಬರು ವಿಜ್ಞಾನಿಗಳು ಬೇರ್ಪಡಿಸಿದರು. ಮಲೇರಿಯಾಕ್ಕೆ ಆಗ ಅದೇ ಔಷಧಿ. ದಕ್ಷಿಣ ಅಮೆರಿಕದಿಂದ ಸಿಂಕೋನಾ ತಂದು 1860ರ ಹೊತ್ತಿಗೆ ನೀಲಗಿರಿಯಲ್ಲಿ ನೆಟ್ಟರು. ಮೈಸೂರಿನಿಂದ ಗೂಡಲೂರು ಮೇಲೆ ಊಟಿಗೆ ಹೋಗುವಾಗ ನಡುವಟ್ಟಂ ಸಿಗುತ್ತದಲ್ಲ, ಅಲ್ಲಿ ಸಿಂಕೋನಾ ತೋಟವೂ ಕ್ವಿನೈನ್ ಕಾರ್ಖಾನೆಯೂ ಇದ್ದವು. ಬ್ರಿಟಿಷ್ ಸಿಪಾಯಿಗಳು ಔಷಧಿಯ ಕಹಿ ತಾಳಲಾರದೆ ಜಿನ್ ಬೆರೆಸಿಕೊಂಡರು ಎಂಬ ಕತೆ ಎಲ್ಲರ ಬಾಯಲ್ಲಿದೆ. ದಾಖಲೆ ಹೇಳುವುದು ಬೇರೆ. 1858ರಲ್ಲಿ ಲಂಡನ್ನಿನಲ್ಲಿ ಟಾನಿಕ್ ನೀರಿಗೆ ಪೇಟೆಂಟ್ ಸಿಕ್ಕಿತು. ಹತ್ತು ವರ್ಷದ ಮೇಲೆ, 1868ರಲ್ಲಿ, ಇಲ್ಲಿನ ಕ್ರೀಡಾ ಪತ್ರಿಕೆಯೊಂದರಲ್ಲಿ ಕುದುರೆ ರೇಸ್ ಮುಗಿಸಿದ ಜನ ಜಿನ್ ಅಂಡ್ ಟಾನಿಕ್ ಕೇಳುತ್ತಿದ್ದ ಮಾತು ಬರುತ್ತದೆ. ಅಂದರೆ ದಣಿದವರು ತಂಪಿಗಾಗಿ ಕುಡಿದದ್ದು. ಇವತ್ತಿನ ಟಾನಿಕ್ಕನ್ನು ಔಷಧಿ ಎಂದು ತಿಳಿಯಲೇಬೇಡಿ. ಅಮೆರಿಕದ ನಿಯಮದಂತೆ ಒಂದು ಲೀಟರಿಗೆ 83 ಮಿಲಿಗ್ರಾಂಗಿಂತ ಜಾಸ್ತಿ ಕ್ವಿನೈನ್ ಇರುವಂತಿಲ್ಲ. ಚಿಕಿತ್ಸೆಗೆ ಬೇಕಾದಷ್ಟು ಅದರಿಂದ ಪಡೆಯಬೇಕಾದರೆ ದಿನಕ್ಕೆ ಇಪ್ಪತ್ತು ಲೀಟರ್ ಕುಡಿಯಬೇಕಾದೀತು!

ನಮ್ಮ ಬಾಟಲಿಗಳ ಬಗ್ಗೆ ಒಂದು ಮಾತು. ಇಲ್ಲಿನ ಅಗ್ಗದ ವಿಸ್ಕಿಗಳಲ್ಲಿ ಬಹಳಷ್ಟಕ್ಕೆ ಬಳಸುವುದು ಕಬ್ಬಿನ ಕಾಕಂಬಿಯ ಸ್ಪಿರಿಟ್. ಅದರಲ್ಲಿ ಧಾನ್ಯದ ರುಚಿ ಕಮ್ಮಿ. ಓಲ್ಡ್ ಫ್ಯಾಶನ್ಡ್ ಮಾಡಿದರೆ ಬರೀ ಸಿಹಿ ಉಳಿಯುತ್ತದೆ. ಅದರ ಬದಲು ಒಳ್ಳೆಯ ಕಪ್ಪು ರಮ್ಮಿನಲ್ಲಿ ಮಾಡಿ, ಸಕ್ಕರೆಯ ಜಾಗಕ್ಕೆ ಬೆಲ್ಲದ ಪಾಕ ಹಾಕಿ. ಕಬ್ಬಿಗೆ ಕಬ್ಬೇ ಜೋಡಿ. ಬೆಂಗಳೂರಿನ ಅಮೃತ್ ಡಿಸ್ಟಿಲರಿಯವರು ಬೆಲ್ಲದಿಂದ ತೆಗೆದ ರಮ್ಮನ್ನು ಕೆರಿಬಿಯನ್ ರಮ್ಮಿನ ಜತೆ ಬೆರೆಸಿ ‘ಟೂ ಇಂಡೀಸ್’ ಮಾಡುತ್ತಾರೆ. ಈ ಕೆಲಸಕ್ಕೆ ಅದು ಚೆನ್ನಾಗಿ ಒಗ್ಗುತ್ತದೆ.

ಕುಡಿಯದವರನ್ನು ಕುಡಿಯಿರಿ ಎಂದು ನಾನು ಕರೆಯುವುದಿಲ್ಲ. ಎಷ್ಟು ಕಮ್ಮಿ ಕುಡಿದರೂ ಆರೋಗ್ಯಕ್ಕೆ ಸುರಕ್ಷಿತ ಎನ್ನುವ ಪ್ರಮಾಣವೇ ಇಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿದೆ. ಕುಡಿಯುವವರಿಗೆ ನಾನು ಹೇಳುವುದು ಇಷ್ಟೇ: ಕಿಕ್ಕಿಗಾಗಿ ಕ್ವಾರ್ಟರ್ ಇಳಿಸುವ ಜಾಗದಲ್ಲಿ, ಒಂದೇ ಗ್ಲಾಸನ್ನು ಹದವಾಗಿ ಮಾಡಿ, ಊಟದ ಹೊತ್ತಿನಲ್ಲಿ, ಜತೆಗೆ ನೀರಿಟ್ಟುಕೊಂಡು ಕೂತು ನೋಡಿ. ಗಾಡಿ ಓಡಿಸುವುದಿದ್ದರೆ ಅದೂ ಬೇಡ.

ಆ ಒಂದು ಗ್ಲಾಸ್ ಓಲ್ಡ್ ಫ್ಯಾಶನ್ಡ್ ಆಗಿದ್ದರೆ ಹಿಂದಿನ ರಾತ್ರಿಯೇ ಸಣ್ಣ ಸ್ಟೀಲ್ ಬಟ್ಟಲಿನಲ್ಲಿ ನೀರಿಟ್ಟು ಒಂದು ದಪ್ಪ ಗಡ್ಡೆ ಮಾಡಿಕೊಳ್ಳಿ. ರಮ್ 60 ಎಂಎಲ್, ಬೆಲ್ಲದ ಪಾಕ ಒಂದು ಟೀ ಚಮಚ, ಬಿಟರ್ಸ್ ಮೂರು ಹನಿ, ಮೇಲೆ ಆ ಗಡ್ಡೆ. ಅರ್ಧ ನಿಮಿಷ ಕಲಕಿ, ಕಿತ್ತಳೆ ಸಿಪ್ಪೆಯ ಒಂದು ಚೂರನ್ನು ಗ್ಲಾಸಿನ ಮೇಲೆ ಹಿಡಿದು ಹಿಂಡಿ. ಸಿಪ್ಪೆಯ ಎಣ್ಣೆ ಹನಿಹನಿಯಾಗಿ ಮೇಲೆ ಹರಡುವುದು ಬೆಳಕಿನಲ್ಲಿ ಕಾಣುತ್ತದೆ. ಮೊದಲ ಗುಟುಕು ಖಾರ, ಗಂಟಲಲ್ಲಿ ಬಿಸಿ. ಹತ್ತು ನಿಮಿಷ ಬಿಟ್ಟು ಇನ್ನೊಂದು ಗುಟುಕು. ಈಗ ಬೆಲ್ಲ ಮುಂದೆ ಬಂದಿದೆ, ಹಿಂದೆ ಲವಂಗದಂಥ ಘಮ. ಇಪ್ಪತ್ತೈದು ನಿಮಿಷದ ಹೊತ್ತಿಗೆ ಗಡ್ಡೆಯ ಮೂಲೆಗಳೆಲ್ಲ ಕರಗಿ ದುಂಡಗಾಗಿರುತ್ತವೆ. ಕೊನೆಯ ಗುಟುಕು ತೆಳು, ತಂಪು, ಬೆಲ್ಲದ ನೀರಿನ ಹಾಗೆ, ಸಿಪ್ಪೆಯ ಕಹಿ ಸ್ವಲ್ಪ ಮಾತ್ರ. ಒಂದೇ ಗ್ಲಾಸಿನಲ್ಲಿ ನೀವು ಮೂರು ರುಚಿ ಕುಡಿದಿರುತ್ತೀರಿ.